ತುತ್ತಕ್ಕನ ಮರುತರಬೇತಿ

"ಇದೊಂದು ತುತ್ತು ಮುಗಿಸ್ಬಿಡಿ, ಆಮೇಲೆ ನಾನು ಓಡ್ಬೇಕು" ಎಂದು ಸಿಸ್ಟರ್ ಚಮಚವನ್ನು, ವಾರ್ಡಿನವರೆಲ್ಲ ಬೀಗದವನೆಂದೇ ಕರೆಯುವ ರೋಗಿಯ ಬಾಯಿಯ ಹತ್ತಿರ ಹಿಡಿದಳು. ಬೀಗದವನು ಮಾತ್ರ ಯಾವ ಅವಸರವೂ ಇಲ್ಲದೆ ಹಿಂದಿನ ತುತ್ತನ್ನೇ ಇನ್ನೂ ಅಗಿಯುತ್ತಿದ್ದ. ಅವನ ಎರಡು ಕೈಗಳೂ ಮೊಣಕೈಯಿಂದ ತುದಿಯವರೆಗೆ ಬಿಳಿ ಬ್ಯಾಂಡೇಜಿನಲ್ಲಿ ಮುಚ್ಚಿಹೋಗಿ, ದಿಂಬಿನ ಮೇಲೆ ಮಲಗಿಸಿದ ಎರಡು ಎಳೆ ಕೂಸುಗಳಂತೆ ಕಾಣುತ್ತಿದ್ದವು. ಬಾಗಿಲಲ್ಲಿ ನಿಂತಿದ್ದ ಆಯಾ, ತರಬೇತಿ ಶುರುವಾಗಿ ಎಷ್ಟೋ ಹೊತ್ತಾಯಿತು, ಹಾಜರಿ ಕೂಗುತ್ತಿದ್ದಾರೆ, ನಿಮ್ಮ ಹೆಸರು ಬಂದಾಗ ನಾನೇ ಜೋರಾಗಿ ಕೆಮ್ಮಿ ಬಂದಿದ್ದೇನೆ ಎಂದು ವರದಿ ಒಪ್ಪಿಸಿದಳು.

ಆ ಸುಟ್ಟಗಾಯದ ವಾರ್ಡಿನಲ್ಲಿ ಸಿಸ್ಟರಿನ ಸ್ವಂತ ಹೆಸರು ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು. ರೋಗಿಗಳಿಂದ ಹಿಡಿದು ದೊಡ್ಡ ಡಾಕ್ಟರರವರೆಗೆ ಎಲ್ಲರಿಗೂ ಆಕೆ ತುತ್ತಕ್ಕ. ಕೈ ಸುಟ್ಟುಕೊಂಡು ಬಂದವರಿಗೆ ಪಕ್ಕದಲ್ಲಿ ಕೂತು ತಿನ್ನಿಸುವುದೆಂದರೆ ಆಕೆಗೆ ಎಲ್ಲಿಲ್ಲದ ಖುಷಿ. ಬೆಳಿಗ್ಗೆ ಡ್ರೆಸ್ಸಿಂಗ್ ಬಿಚ್ಚುವಾಗ ಅಳಿಸಿದ ಕೈಯಿಂದಲೇ ಮಧ್ಯಾಹ್ನ ಒಂದು ಸಲವಾದರೂ ನಗಿಸದಿದ್ದರೆ ಆಕೆಗೆ ಸಮಾಧಾನವಿಲ್ಲ. ಚಮಚ ರೋಗಿಯ ತುಟಿಯ ಹತ್ತಿರ ಹೋದ ಹಾಗೆ ಮಾಸ್ಕಿನೊಳಗೆ ಆಕೆಯ ಬಾಯಿಯೂ ತೆರೆದುಕೊಳ್ಳುತ್ತಿತ್ತು, ಕೂಸಿಗೆ ಉಣಿಸುವ ತಾಯಂದಿರಿಗೆ ಆಗುತ್ತದಲ್ಲ, ಹಾಗೆ. ಮಾಸ್ಕು ಗಲ್ಲದ ಹತ್ತಿರ ಜಗ್ಗುವುದನ್ನು ನೋಡಿದಾಗೆಲ್ಲ ಆಯಾ, ರೋಗಿಗೊಂದು ತುತ್ತು, ಮಾಸ್ಕಿಗೊಂದು ತುತ್ತು ಎಂದು ಕಾಲೆಳೆಯುತ್ತಿದ್ದಳು. ತುತ್ತಕ್ಕ ಅದನ್ನು ಕಿವಿಗೆ ಹಾಕಿಕೊಂಡವಳೇ ಅಲ್ಲ.

ಆಕೆಯ ಇನ್ನೊಂದು ಹೆಮ್ಮೆ ಬ್ಯಾಂಡೇಜು. ಡಾಕ್ಟರು 'ಕೈಗೆ ಡ್ರೆಸ್ಸಿಂಗ್' ಎಂದಷ್ಟೇ ಹೇಳಿ ಹೋಗುತ್ತಿದ್ದರು. ಹೇಗೆ ಸುತ್ತಬೇಕು ಎನ್ನುವುದು ಅವರವರ ಕೈಗುಣಕ್ಕೆ ಬಿಟ್ಟದ್ದು. ತುತ್ತಕ್ಕ ಐದೂ ಬೆರಳನ್ನು ಒಟ್ಟಿಗೆ ಸೇರಿಸಿ, ಹತ್ತಿಯ ಮೇಲೆ ಹತ್ತಿ ಇಟ್ಟು, ಪಟ್ಟಿಯ ತುದಿ ಎಲ್ಲಿ ಹೋಯಿತೆಂದು ಹುಡುಕಿದರೂ ಸಿಗದ ಹಾಗೆ ಸುತ್ತುತ್ತಿದ್ದಳು. ಒಮ್ಮೆ ಯಾರೋ ರೋಗಿ, ಇದನ್ನು ಬಿಚ್ಚುವುದಕ್ಕೆ ಮನಸ್ಸೇ ಬರುವುದಿಲ್ಲ ಎಂದಿದ್ದನ್ನು ಆಕೆ ಇಂದಿಗೂ ಮರೆತಿರಲಿಲ್ಲ.

ಬೀಗದವನು ಬಂದು ಸೇರಿದ್ದು ಮಳೆಗಾಲಕ್ಕೆ ಮೊದಲು. ಮಹಡಿ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಅವನ ಅಂಗಡಿ. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟೇ ಜಾಗ. ಯಾರದೋ ಕಬ್ಬಿಣದ ಪೆಟ್ಟಿಗೆಯ ಬೀಗವನ್ನು ಗ್ಯಾಸಿನ ಉರಿಯಲ್ಲಿ ಕಾಯಿಸುವಾಗ ಕೊಳವೆ ಸೋರಿ ಭಗ್ಗೆಂದಿತ್ತು. ಮುಖ ಹೇಗೋ ಪಾರಾಯಿತು, ಕೈಗಳು ಆಗಲಿಲ್ಲ. ಬೀದಿಯ ಎಷ್ಟು ಮನೆಗಳ ಬಾಗಿಲು ತೆಗೆದುಕೊಟ್ಟ ಮಹಾರಾಯ ಈಗ ಒಂದು ಬಿಸ್ಕತ್ತಿನ ಪೊಟ್ಟಣ ಬಿಚ್ಚಲಾರದೆ ಮಲಗಿದ್ದ. ತೊಡೆಯ ಚರ್ಮ ತೆಗೆದು ಕೈಗೆ ಹಾಕಿದ್ದು ಚೆನ್ನಾಗಿಯೇ ಕೂಡಿಕೊಂಡಿತ್ತು. ಇನ್ನು ಮುಂದಿನದೆಲ್ಲ ಬೆರಳುಗಳಿಗೆ ಬಿಟ್ಟದ್ದು ಎಂದು ದೊಡ್ಡ ಡಾಕ್ಟರು ಹೇಳಿದ್ದರು. ಈ ಕೆಲವು ವಾರಗಳಲ್ಲಿ ಅವು ಆಡಿದರೆ ಆಡಿದವು, ಇಲ್ಲದಿದ್ದರೆ ಹೊಸ ಚರ್ಮ ಬಿಗಿದುಕೊಂಡು ಕೊಕ್ಕೆಯ ಹಾಗೆ ಬಾಗಿ ನಿಂತುಬಿಡುತ್ತವೆ. ಆಮೇಲೆ ಕೀಲಿಯೂ ಇಲ್ಲ, ಕೀಲಿ ಉಜ್ಜುವ ಅರವೂ ಇಲ್ಲ.

ಅದಕ್ಕೆಂದೇ ದಿನಾ ವ್ಯಾಯಾಮದ ಮೇಡಂ ಬರುತ್ತಿದ್ದಳು. ಹೊಸದಾಗಿ ಬಂದವಳು, ವಯಸ್ಸಿನಲ್ಲಿ ತುತ್ತಕ್ಕನ ಮಗಳಂತಿದ್ದವಳು, ಮಾತು ಮಾತ್ರ ಕಡ್ಡಿ ಮುರಿದ ಹಾಗೆ. ಪಟ್ಟಿ ಬಿಚ್ಚಿಸಿ, ಬೆರಳು ಮಡಿಸಿ ಎಂದರೆ ಬೀಗದವನು ಹಲ್ಲು ಕಚ್ಚಿಕೊಂಡು ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿದ್ದ. ಅದನ್ನು ನೋಡಲಾರದೆ ತುತ್ತಕ್ಕ ಒಂದೆರಡು ಸಲ ಬಾಗಿಲಲ್ಲೇ ಮೇಡಮ್ಮನ್ನು ತಡೆದು, ಈಗ ತಾನೇ ನಿದ್ದೆ ಹತ್ತಿದೆ, ಆಮೇಲೆ ಬನ್ನಿ ಎಂದು ಸಾಗಹಾಕಿದ್ದಳು. ಮೇಡಂ ಅತ್ತ ಹೋದ ಮೇಲೆ ಬೀಗದವನು ಒಂದು ಕಣ್ಣು ತೆರೆದು, "ಹೋದ್ರಾ?" ಎನ್ನುತ್ತಿದ್ದ. ಇಬ್ಬರೂ ನಗುತ್ತಿದ್ದರು. ಪಾಪ, ಸುಟ್ಟ ಜೀವ, ಒಂದಿಷ್ಟು ಸುಧಾರಿಸಿಕೊಳ್ಳಲಿ, ಯಾರಪ್ಪನ ಗಂಟು ಹೋಗುತ್ತದೆ ಎಂದು ತುತ್ತಕ್ಕನ ಲೆಕ್ಕ.

ವರ್ಷಕ್ಕೊಮ್ಮೆ ಆ ವಾರ್ಡಿನವರಿಗೆಲ್ಲ ಮರುತರಬೇತಿ ಎಂಬುದೊಂದಿತ್ತು. ಸಿಸ್ಟರು, ಬ್ರದರು, ಆಯಾ, ಸ್ಟ್ರೆಚರ್ ತಳ್ಳುವವರು ಎಲ್ಲರೂ ಕೂರಬೇಕು. ಸಿಸ್ಟರು, ಬ್ರದರುಗಳಿಗಂತೂ ಕೂತರೇ ನರ್ಸಿಂಗ್ ನೋಂದಣಿ ಮುಂದುವರಿಯುವುದು. ಹಳೆಯ ಲಾಂಡ್ರಿಯ ಮೇಲಿನ ದೊಡ್ಡ ಕೋಣೆ, ಕೈಹಿಡಿಯಿಲ್ಲದ ಪ್ಲಾಸ್ಟಿಕ್ ಕುರ್ಚಿಗಳು, ಪರದೆ ಎಳೆದ ಕಿಟಕಿ, ಮೇಲೆ ಗುಂಯ್‌ಗುಡುವ ಫ್ಯಾನು. ನಿದ್ದೆಗೆ ಇದಕ್ಕಿಂತ ಏನು ಬೇಕು? ತುತ್ತಕ್ಕ ಪ್ರತಿ ವರ್ಷ ಮೂರನೆಯ ಸಾಲಿನಲ್ಲಿ ಕಂಬದ ಮರೆಯ ಕುರ್ಚಿಯನ್ನು ಹಿಡಿದು, ಸುಟ್ಟ ಗಾಯಕ್ಕೆ ಮೊದಲು ತಣ್ಣೀರು ಎಂಬಲ್ಲಿ ಕಣ್ಣು ಮುಚ್ಚಿದರೆ ಚಹಾ ಬಂತು ಎಂಬಲ್ಲಿ ತೆರೆಯುತ್ತಿದ್ದಳು. ಈ ಸಲ ಕೋಣೆಗೆ ನುಗ್ಗಿ ನೋಡಿದರೆ ಕಂಬದ ಮರೆಯ ಕುರ್ಚಿ ಬೇರೆ ಯಾರದೋ ಪಾಲಾಗಿಬಿಟ್ಟಿತ್ತು, ಮುಂದೆ ನಿಂತಿದ್ದವಳು ಅದೇ ವ್ಯಾಯಾಮದ ಮೇಡಂ. ಮೇಡಂ ನಕ್ಕು, ಮುಂದಿನ ಸಾಲು ಖಾಲಿ ಇದೆ ಬನ್ನಿ ಎಂದು ಕರೆದಳು. ಬೇರೆ ದಾರಿಯಿರಲಿಲ್ಲ.

ಮೇಡಂ ಪರದೆಯ ಮೇಲೆ ಚಿತ್ರ ತೋರಿಸಿದಳು. ಎರಡು ಕೈಗಳು. ಎರಡೂ ಒಂದೇ ತರಹ ಸುಟ್ಟವು, ಒಂದೇ ತರಹ ಚರ್ಮ ಹಾಕಿಸಿಕೊಂಡವು. ಒಂದು ಕೈ ನೀರಿನ ಲೋಟ ಹಿಡಿದಿತ್ತು, ಇನ್ನೊಂದು ಮುಷ್ಟಿಯೂ ಅಲ್ಲದ ಅಂಗೈಯೂ ಅಲ್ಲದ ಏನೋ ಆಗಿ ಮೇಜಿನ ಮೇಲೆ ಬಿದ್ದಿತ್ತು. ಚರ್ಮ ಕೂಡುವವರೆಗೆ ಕೈ ಅಲುಗಬಾರದು, ಕೂಡಿದ ಮೇಲೆ ಅಲುಗದೆ ಇರಬಾರದು, ನಾವು ಎರಡನೆಯದನ್ನು ಮರೆಯುತ್ತೇವೆ ಎಂದಳು. ತುತ್ತಕ್ಕನಿಗೆ ಆ ಎರಡನೆಯ ಕೈ ತಾನು ಹಿಂದೆ ತಿನ್ನಿಸಿ ಮನೆಗೆ ಕಳಿಸಿದ್ದ ರೋಗಿಯೊಬ್ಬನನ್ನು ನೆನಪಿಸಿತು. ಅವನು ಹೋಗುವಾಗ ಎಷ್ಟು ಬಾಯಿ ತುಂಬ ಹರಸಿ ಹೋಗಿದ್ದ ಎಂದುಕೊಂಡು ಕಣ್ಣು ಆ ಕಡೆಯಿಂದ ಕಿತ್ತಳು.

ಆಮೇಲೆ ಮೇಡಂ ಎಲ್ಲರನ್ನೂ ಜೋಡಿಯಾಗಿ ಕೂರಿಸಿದಳು. ಒಬ್ಬರ ಎರಡೂ ಕೈಗೆ ಇನ್ನೊಬ್ಬರು, ವಾರ್ಡಿನಲ್ಲಿ ಹೇಗೆ ಸುತ್ತುತ್ತೀರೋ ಹಾಗೇ ಸುತ್ತಬೇಕು. ತುತ್ತಕ್ಕನ ಜೊತೆ ಕೂತವಳು ಆಯಾ. ವರ್ಷಗಟ್ಟಲೆ ಕತ್ತರಿ, ಹತ್ತಿ ಎತ್ತಿಕೊಡುತ್ತಾ ಕಣ್ಣಲ್ಲೇ ಕಲಿತವಳಲ್ಲವೇ, ತುತ್ತಕ್ಕನ ಪದ್ಧತಿಯನ್ನೇ ಚಾಚೂ ತಪ್ಪದೆ ತುತ್ತಕ್ಕನ ಕೈಗೆ ತಿರುಗಿಸಿದಳು. ಎರಡು ಬಿಳಿ ಗಂಟುಗಳು ಸಿದ್ಧವಾದವು. ಅಕ್ಕಪಕ್ಕದವರು ಬಗ್ಗಿ ನೋಡಿ, ಇದು ನಮ್ಮ ತುತ್ತಕ್ಕನದೇ ಕೈಕೆಲಸ ಎಂದರು. ತುತ್ತಕ್ಕ ಬಿಂಕದಿಂದ ಕೈಯೆತ್ತಿ ತೋರಿಸಿದಳು.

"ಚೆನ್ನಾಗಿದೆ" ಎಂದಳು ಮೇಡಂ. "ಈಗ ಊಟಕ್ಕೆ ಹೋಗೋಣ. ಯಾರೂ ಬಿಚ್ಚೋ ಹಾಗಿಲ್ಲ."

ಆಗ ಶುರುವಾಯಿತು ನೋಡಿ ತಮಾಷೆ. ಅಷ್ಟು ಹೊತ್ತು ಸುಮ್ಮನಿದ್ದ ಮೂಗು ಆ ಕ್ಷಣವೇ ತುರಿಸತೊಡಗಿತು. ಕನ್ನಡಕ ಜಾರಿ ಮೂಗಿನ ತುದಿಗೆ ಬಂತು. ಕೈ ಕಟ್ಟಿಸಿಕೊಂಡವರೇ ಮುಂದಾಗಿ ಹೊರಟು, ಬಾಗಿಲಿನ ಹಿಡಿಯನ್ನು ತಿರುಗಿಸಲಾರದೆ ಅದರ ಮುಂದೆ ಸಾಲು ನಿಂತರು. ಚೀಲದೊಳಗೆ ತುತ್ತಕ್ಕನ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಅದು ಗಂಡನೇ, ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೇಳುವುದಕ್ಕೆ ಎಂದು ಎತ್ತದೆಯೇ ಆಕೆಗೆ ಗೊತ್ತಿತ್ತು. ಎದುರಿನ ಮೇಜಿನಲ್ಲಿ ರಾತ್ರಿ ಪಾಳಿಯ ಬ್ರದರು ಎರಡೂ ಗಂಟುಗಳ ನಡುವೆ ಚಮಚ ಸಿಕ್ಕಿಸಿಕೊಂಡು ಸೂಪನ್ನು ಬಾಯಿಗಿಂತ ಹೆಚ್ಚಾಗಿ ಅಂಗಿಗೆ ಕುಡಿಸುತ್ತಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಆಯಾ ಡಬ್ಬಿ ತೆರೆದು, ಅನ್ನ ಕಲಸಿ, ಚಮಚದಲ್ಲಿ ತುಂಬಿ ತುತ್ತಕ್ಕನ ಮುಖದ ಮುಂದೆ ಹಿಡಿದಳು. ತುತ್ತಕ್ಕ ಬಾಯಿ ತೆರೆದಳು. ಇನ್ನೊಂದು ಬಂತು, ಮತ್ತೆ ತೆರೆದಳು. ಆಹಾ, ಎಷ್ಟು ವರ್ಷವಾಗಿತ್ತು ಹೀಗೆ ಯಾರಾದರೂ ಬಾಯಿಗೆ ಇಟ್ಟು! ಕೈಗಳನ್ನು ತೊಡೆಯ ಮೇಲೆ ಮಲಗಿಸಿ, ಗೋಡೆಗೆ ಒರಗಿ, ಬ್ರದರಿನ ಅಂಗಿಯ ಕಡೆ ನೋಡಿ ನಗುತ್ತಾ ಆಕೆ ಸುಖವಾಗಿ ಉಂಡಳು. ಆಯಾ ನಡುವೆ ಯಾರ ಹತ್ತಿರವೋ ಮಾತಿಗೆ ನಿಂತಾಗ ತುತ್ತಕ್ಕ ಬಾಯಿ ತೆರೆದುಕೊಂಡೇ ಕಾದಳು.

ಮೇಡಂ ಬಂದು ಎದುರಿಗೆ ಕೂತಾಗ ಡಬ್ಬಿ ಖಾಲಿಯಾಗಿತ್ತು. ಮೇಡಂ ಮೇಜಿನ ಮೇಲಿದ್ದ ಒಂದು ಚಮಚವನ್ನು ತುತ್ತಕ್ಕನ ಕಡೆ ಸರಿಸಿದಳು. ಹಿಡಿಗೆ ಸ್ಪಂಜು ಸುತ್ತಿ ದಪ್ಪ ಮಾಡಿದ್ದ ಚಮಚ. ಎಲ್ಲ ಮೇಜಿನ ಮೇಲೂ ಒಂದೊಂದು ಇತ್ತು.

"ಇದು ಮೊದಲಿಂದಲೂ ಇಲ್ಲೇ ಇತ್ತು" ಎಂದಳು ಮೇಡಂ. "ನೀವು ನೋಡ್ಲೇ ಇಲ್ಲ."

ತುತ್ತಕ್ಕನಿಗೆ ಹೊಟ್ಟೆ ಉರಿದುಹೋಯಿತು. ಆ ಮಾತನ್ನು ಆಕೆ ಹೇಳುವ ಹಾಗಿರಲಿಲ್ಲ. ಸುಟ್ಟಗಾಯದ ವಾರ್ಡಿನಲ್ಲಿ ಹೊಟ್ಟೆ ಉರಿಯುತ್ತೆ, ಬಾಲ ಸುಟ್ಟ ಬೆಕ್ಕು, ಬೆಂಕಿಯಂಥ ಮನುಷ್ಯ ಎಂಬ ಮಾತುಗಳನ್ನು ಯಾರೂ ಆಡಬಾರದೆಂದು ಆಕೆಯೇ ಎಲ್ಲರಿಗೂ ಕಟ್ಟಪ್ಪಣೆ ಮಾಡಿದ್ದಳು. ಅದಕ್ಕೇ ಬೇರೆ ಮಾತು ಹುಡುಕಬೇಕಾಯಿತು. ನೋವಲ್ಲಿರುವವರಿಗೆ ಎರಡು ತುತ್ತು ತಿನ್ನಿಸುವುದೂ ಈಗ ತಪ್ಪಾಯಿತೇ, ಪುಸ್ತಕದಲ್ಲಿ ಹಾಗೆ ಬರೆದಿದ್ದಾರೆಯೇ ಎಂದು ಕೇಳಿದಳು.

"ತಪ್ಪಲ್ಲ. ಮೊದಲ ದಿನಗಳಲ್ಲಿ ನೀವು ತಿನ್ನಿಸದೆ ಇದ್ದಿದ್ರೆ ಅವರು ಬದುಕ್ತಾನೇ ಇರ್ಲಿಲ್ಲ." ಮೇಡಮ್ಮಿನ ದನಿ ತಗ್ಗಿತು. "ಆದ್ರೆ ಬೀಗದವರ ಬೆರಳು ನಿನ್ನೆ ಅಳತೆ ಮಾಡ್ದೆ ಸಿಸ್ಟರ್. ಬಿಗಿದ್ಕೊಳ್ತಾ ಇದೆ. ನಾನು ದಿನಕ್ಕೆ ಸ್ವಲ್ಪ ಹೊತ್ತು ಬಂದು ಹೋಗ್ತೀನಿ. ಉಳಿದ ದಿನವೆಲ್ಲ ಅವರು ನಿಮ್ಮ ಹತ್ರಾನೇ ಇರ್ತಾರೆ."

ಅಷ್ಟು ಹೇಳಿ ಆಕೆ ಎದ್ದು ಹೋದಳು. ಆಯಾ ಬ್ಯಾಂಡೇಜು ಬಿಚ್ಚಿದಳು. ತುತ್ತಕ್ಕ ಬೆರಳುಗಳನ್ನು ಅಗಲಿಸಿ ನೋಡಿಕೊಂಡಳು. ಒಂದು ಊಟದ ಹೊತ್ತು ಕಟ್ಟಿಟ್ಟದ್ದಕ್ಕೇ ಅವು ಬೇರೆ ಯಾರದೋ ಬೆರಳುಗಳ ಹಾಗೆ ಜಡವಾಗಿದ್ದವು. ಚೀಲದ ಜಿಪ್ಪು ಎಳೆಯುವಾಗ ಎರಡು ಸಲ ಜಾರಿದವು. ಬೆರಳಿಗಿಂತ ಹೆಚ್ಚಾಗಿ ಆಕೆಗೆ ತನ್ನ ಬಾಯಿಯ ಯೋಚನೆ ಹತ್ತಿತು. ಕೈ ಸುಟ್ಟಿರಲಿಲ್ಲ, ನೋವಿರಲಿಲ್ಲ, ಚಮಚ ಕಣ್ಣ ಮುಂದೆಯೇ ಇತ್ತು. ಆದರೂ ಬಾಯಿ ತೆರೆದುಕೊಂಡು ಕಾದಳಲ್ಲ! ಮಧ್ಯಾಹ್ನದ ತರಗತಿಯಲ್ಲಿ ಆಕೆಗೆ ನಿದ್ದೆ ಬರಲಿಲ್ಲ. ಒಂದೊಂದೇ ಬೆರಳಿಗೆ ತೆಳ್ಳಗೆ ಪಟ್ಟಿ ಸುತ್ತುವುದನ್ನು ಮೇಡಂ ತೋರಿಸಿದಾಗ ಮುಂದಿನ ಸಾಲಿನಿಂದ ಎದ್ದು ಹತ್ತಿರ ಹೋಗಿ ನೋಡಿದಳು, ಆಯಾಳ ಕೈ ಹಿಡಿದು ಸುತ್ತಿದಳು, ಸರಿ ಬರದೆ ಬಿಚ್ಚಿ ಮತ್ತೆ ಸುತ್ತಿದಳು.

ಆ ದಿನ ಸಂಜೆ ಮನೆಯಲ್ಲಿ ಗಂಡ ಊಟಕ್ಕೆ ಕೂತು ಉಪ್ಪು ಎಂದ. ನಿವೃತ್ತನಾದ ಬಸ್ಸು ಚಾಲಕ. ಊರಿನ ಯಾವ ಗಲ್ಲಿ ಎಲ್ಲಿ ತಿರುಗುತ್ತದೆಂದು ಬಲ್ಲವನು, ತನ್ನ ಅಡುಗೆಮನೆಯ ಶೆಲ್ಫು ಮಾತ್ರ ಅವನಿಗೆ ಪರದೇಶ. ತುತ್ತಕ್ಕ ಎದ್ದಳು, ಅರ್ಧಕ್ಕೆ ನಿಂತಳು, ಮತ್ತೆ ಕೂತಳು.

"ಎರಡನೇ ಶೆಲ್ಫಲ್ಲಿ ಇದೆ" ಎಂದಳು.

ಗಂಡ ಅವಳ ಮುಖವನ್ನು ನೋಡಿ, ಹುಷಾರಿಲ್ಲವೇ ಎಂದು ಕೇಳಿದ. ಆಮೇಲೆ ಹೋಗಿ, ಡಬ್ಬಿಗಳ ಮುಚ್ಚಳವನ್ನೆಲ್ಲ ತೆಗೆದು ಮೂಸಿ, ಸೋಡಾಪುಡಿಯನ್ನು ಉಪ್ಪೆಂದು ತಂದ. ಇಬ್ಬರೂ ನಕ್ಕರು, ಆದರೆ ತುತ್ತಕ್ಕನ ಮನಸ್ಸು ಆಗಲೇ ಮರುದಿನದ ಬೆಳಗಿಗೆ ಹೋಗಿ ಕೂತಿತ್ತು.

ಮರುದಿನ ಆಕೆ ಬೀಗದವನ ಕೈಗಳಿಂದ ಗಂಟು ಬಿಚ್ಚಿ, ಒಂದೊಂದೇ ಬೆರಳಿಗೆ ಸಪೂರವಾಗಿ ಪಟ್ಟಿ ಸುತ್ತಿದಳು. ಬೆರಳುಗಳು ಬೇರೆ ಬೇರೆಯಾಗಿ, ಮೊದಲ ಸಲ ಬೆರಳುಗಳಂತೆಯೇ ಕಂಡವು. ಬೀಗದವನಿಗೆ ಅದು ಹಿಡಿಸಲಿಲ್ಲ. ಆಸ್ಪತ್ರೆಯಲ್ಲಿ ಹತ್ತಿ ಖಾಲಿಯಾಯಿತೇ, ಬಡವರ ಬ್ಯಾಂಡೇಜು ಹಾಕಿದಿರಲ್ಲ ಎಂದು ನಗೆಯಾಡಿದ. ತುತ್ತಕ್ಕ ನಗಲಿಲ್ಲ. ಹಾಸಿಗೆಯ ಮೇಲಿನ ಮೇಜನ್ನು ಎಳೆದು, ತಟ್ಟೆ ಇಟ್ಟಳು. ಮೆತ್ತಗಿನ ಅನ್ನ, ಹಿಸುಕಿದ ಆಲೂಗಡ್ಡೆ, ಸುಲಿದ ಬೇಯಿಸಿದ ಮೊಟ್ಟೆ. ಸುಟ್ಟವರಿಗೆ ಮೊಟ್ಟೆ ತಪ್ಪಿಸುವ ಹಾಗಿರಲಿಲ್ಲ. ಪಕ್ಕದಲ್ಲಿ, ಹಿಡಿಗೆ ತಾನೇ ಬ್ಯಾಂಡೇಜು ಸುತ್ತಿ ದಪ್ಪ ಮಾಡಿದ ಚಮಚ.

ಬೀಗದವನು ಬಾಯಿ ತೆರೆದ. ತುತ್ತಕ್ಕ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತಳು. ಇವತ್ತಿನಿಂದ ನೀವೇ, ಚೆಲ್ಲಿದರೆ ಚೆಲ್ಲಲಿ, ನಾನು ಒರೆಸುತ್ತೇನೆ ಎಂದಳು.

ಅವನು ಬಾಯಿ ಮುಚ್ಚಿದ. ಮುಖ ಸಪ್ಪಗಾಯಿತು. "ನನ್ನಿಂದ ಏನಾದ್ರೂ ತಪ್ಪಾಯ್ತಾ ತುತ್ತಕ್ಕ?" ಎಂದು ಕೇಳಿದ.

ಆ ಪ್ರಶ್ನೆಗೆ ಆಕೆ ಸಿದ್ಧಳಾಗಿರಲಿಲ್ಲ. ಏನೂ ತಪ್ಪಿಲ್ಲ, ಬೆರಳು ಆಡಬೇಕು, ಅಷ್ಟೇ ಎಂದಳು. ಅವನು ಚಮಚಕ್ಕೆ ಕೈ ಹಾಕಿದ. ಬೆರಳು ಹಿಡಿಯ ಸುತ್ತ ಬಾಗುವ ಮೊದಲೇ ನೋವು ಮೊಣಕೈಗೆ ಏರಿ, ಚಮಚ ನೆಲಕ್ಕೆ ಬಿತ್ತು. ಇನ್ನೊಂದನ್ನು ತಂದಿಟ್ಟಳು. ಅವನು ಅದನ್ನು ಮುಟ್ಟಲೂ ಇಲ್ಲ, ಗೋಡೆಯ ಕಡೆ ತಿರುಗಿ ಮುಖ ಊದಿಸಿಕೊಂಡು ಮಲಗಿಬಿಟ್ಟ. ಅನ್ನ ಆರಿ ತಣ್ಣಗಾಯಿತು. ಹೊಟ್ಟೆಗೆ ಏನೂ ಇಲ್ಲದೆ ಹೇಗೆ ಬಿಡುವುದು? ಹಾಲಿಗೆ ಸ್ಟ್ರಾ ಹಾಕಿ ಬಾಯಿಯ ಹತ್ತಿರ ಇಟ್ಟಳು, ಅದಕ್ಕೆ ಕೈ ಬೇಡವಲ್ಲ. ಹಾಲನ್ನು ಕುಡಿದ, ಆಕೆಯ ಕಡೆ ನೋಡಲಿಲ್ಲ.

ಮಧ್ಯಾಹ್ನವೂ ಅದೇ ಕಥೆ. ಆ ಹೊತ್ತಿಗೆ ಅವನ ಹೆಂಡತಿ ನೋಡಲು ಬಂದಳು. ತುಂಬಿದ ತಟ್ಟೆ, ಗೋಡೆಗೆ ತಿರುಗಿದ ಗಂಡ, ಕೈ ಕಟ್ಟಿ ಕೂತ ಸಿಸ್ಟರು. ಆಕೆಗೆ ಮೈಯೆಲ್ಲ ಸಿಟ್ಟು ಬಂತು. ಇಷ್ಟು ದಿನ ದೇವರ ಹಾಗೆ ನೋಡಿಕೊಂಡವರು ಇವತ್ತು ಹೀಗೆ ಉಪವಾಸ ಕೆಡವಿದ್ದೀರಲ್ಲ, ದೊಡ್ಡ ಡಾಕ್ಟರಿಗೆ ಹೇಳುತ್ತೇನೆ ಎಂದು ಎಗರಾಡಿದಳು. ತಟ್ಟೆ ಎಳೆದುಕೊಂಡು ತಾನೇ ಕಲಸಿ, ಚಮಚ ತುಂಬಿ, ಗಂಡನ ಭುಜ ತಟ್ಟಿದಳು. ಬೀಗದವನು ಆಸೆಯಿಂದ ಇತ್ತ ಹೊರಳಿದ.

ತುತ್ತಕ್ಕ ಎದ್ದು ಆ ಹೆಂಗಸಿನ ಮಣಿಕಟ್ಟು ಹಿಡಿದಳು. ವಾರ್ಡಿನಲ್ಲಿ ಇಷ್ಟು ವರ್ಷದಲ್ಲಿ ಆಕೆ ಯಾರ ಕೈಯನ್ನೂ ಹಾಗೆ ತಡೆದವಳಲ್ಲ.

"ಬೇಡಮ್ಮ" ಎಂದಳು. "ನಾನೂ ನಿಮ್ಮ ಹಾಗೇ ತಿನ್ನಿಸ್ದೆ. ತಿನ್ನಿಸಿ ತಿನ್ನಿಸಿ ಇವರ ಕೈ ನಾನೇ ಕಟ್ಟಿಹಾಕ್ದೆ. ಹೀಗೇ ಬಿಟ್ರೆ ಇವರು ಇನ್ನು ಕೀಲಿ ಹಿಡಿಯೋಲ್ಲ. ಆಮೇಲೆ ಜೀವನಪೂರ್ತಿ ನೀವೇ ತಿನ್ನಿಸ್ಬೇಕು."

"ಅಲ್ಲೀವರೆಗೂ ಹಸಿದಿರ್ಬೇಕಾ?"

"ಹಸೀಲಿ" ಎಂದಳು ತುತ್ತಕ್ಕ. ಆ ಮಾತು ತನ್ನ ಬಾಯಿಂದಲೇ ಬಂತೇ ಎಂದು ಆಕೆಗೇ ಅಳು ಬಂದಂತಾಯಿತು.

ಹೆಂಡತಿ ಚಮಚವನ್ನು ಮೆಲ್ಲಗೆ ತಟ್ಟೆಯಲ್ಲಿ ಇಟ್ಟಳು. ತುತ್ತಕ್ಕ ಮತ್ತೆ ಸ್ಟೂಲಿನ ಮೇಲೆ ಕೂತು ಕೈಗಳನ್ನು ತೊಡೆಯ ಕೆಳಗೆ ಸೇರಿಸಿದಳು. ಹೆಂಡತಿ ಅವಳನ್ನು ನೋಡಿ, ಏನೆನ್ನಿಸಿತೋ, ತಾನೂ ಹಾಸಿಗೆಯ ಕಾಲ ಬಳಿ ಕೂತು ಸೆರಗಿನೊಳಗೆ ಕೈ ಸುತ್ತಿಕೊಂಡಳು. ಎರಡೂ ಕಡೆಯಿಂದ ಆಸೆ ಬಿಟ್ಟ ಬೀಗದವನು ಮುನಿಸಿನಿಂದ ಮೊಣಕಾಲನ್ನು ಮಡಿಸಿದ್ದೇ ತಡ, ಅದು ಮೇಜಿಗೆ ತಗುಲಿ ತಟ್ಟೆ ವಾಲಿತು. ಮೊಟ್ಟೆ ಅನ್ನದ ಗುಡ್ಡೆಯಿಂದ ಇಳಿದು, ತಟ್ಟೆಯ ಅಂಚು ದಾಟಿ, ಮೇಜಿನ ಮೇಲೆ ಉರುಳತೊಡಗಿತು.

ತುತ್ತಕ್ಕನ ಕೈ ಹೊರಗೆ ಬಂತು. ಹೆಂಡತಿಯ ಕೈಯೂ ಬಂತು. ಅವರಿಬ್ಬರಿಗಿಂತ ಮೊದಲು ಬೀಗದವನ ಬಲಗೈ ಹೋಗಿತ್ತು. ಮೇಜಿನ ತುದಿಯಲ್ಲಿ, ಇನ್ನೇನು ಬಿತ್ತು ಎನ್ನುವಾಗ, ಪಟ್ಟಿ ಸುತ್ತಿದ ಬೆರಳುಗಳು ಮೊಟ್ಟೆಯ ಸುತ್ತ ಮುಚ್ಚಿಕೊಂಡವು.

ನೋವಿಗೆ ಅವನ ಮುಖ ಕಿವುಚಿತು. ಕೈ ನಡುಗಿತು, ಆದರೆ ಮೊಟ್ಟೆ ಬೀಳಲಿಲ್ಲ. ಅವನು ಆ ಕೈಯನ್ನೇ ಹೊಸದಾಗಿ ಕಂಡವನ ಹಾಗೆ ನೋಡಿದ. ಆಮೇಲೆ ತಲೆಯನ್ನೂ ಅರ್ಧ ದಾರಿ ಬಗ್ಗಿಸಿ, ಕೈಯನ್ನೂ ಅರ್ಧ ದಾರಿ ಎತ್ತಿ, ಒಂದು ಕಡೆಯಿಂದ ಕಚ್ಚಿದ. ಮೊಟ್ಟೆಯ ಹಳದಿ ಭಾಗ ಗಡ್ಡಕ್ಕೆ ಮೆತ್ತಿಕೊಂಡಿತು. ಅಗಿದ. ನುಂಗಿದ.

"ಉಪ್ಪು ಹಾಕಿ" ಎಂದ, ತುತ್ತಕ್ಕನ ಕಡೆ ನೋಡದೆ.

ಉಪ್ಪಿನ ವಿಷಯ ತರಬೇತಿಯಲ್ಲಿ ಯಾರೂ ಏನೂ ಹೇಳಿರಲಿಲ್ಲ. ಅದನ್ನು ತುತ್ತಕ್ಕನೇ ಉದುರಿಸಿದಳು.

ಆಮೇಲಿನ ದಿನಗಳು ಸಲೀಸಾಗಿದ್ದವು ಎಂದರೆ ಸುಳ್ಳಾದೀತು. ಅನ್ನ ಹಾಸಿಗೆಗೆ, ಸೂಪು ಎದೆಗೆ, ಹಾಳಾದ ಹೊದಿಕೆಗಳ ರಾಶಿ ನೋಡಿ ಲಾಂಡ್ರಿಯವನು, ಆ ಮಂಚದಲ್ಲಿ ರೋಗಿ ಇದ್ದಾನೋ ಮದುವೆ ಊಟ ನಡೆಯುತ್ತಿದೆಯೋ ಎಂದು ಕೇಳಿದ. ಬೀಗದವನು ಕೆಲವು ಹೊತ್ತು ಬೈದ, ಕೆಲವು ಹೊತ್ತು ಅತ್ತ, ಅರ್ಧ ಊಟಕ್ಕೇ ಕೈ ಸೋತು ಚಮಚ ಎಸೆದ. ಹಾಗೆ ಸೋತಾಗ ಉಳಿದರ್ಧವನ್ನು ತುತ್ತಕ್ಕ ತಿನ್ನಿಸಿದ್ದೂ ಉಂಟು. ಮೇಡಂ ಅದನ್ನು ಕಂಡು, ನಾಳೆ ಅರ್ಧಕ್ಕಿಂತ ಒಂದು ತುತ್ತು ಹೆಚ್ಚು ಅವರದು ಎಂದಷ್ಟೇ ಹೇಳಿದಳು. ಈಗ ಆಕೆ ಬಂದಾಗ ಬಾಗಿಲಲ್ಲಿ ತಡೆಯುವವರು ಯಾರೂ ಇರಲಿಲ್ಲ. ನಿದ್ದೆ ನಟಿಸಿದರೆ ತುತ್ತಕ್ಕನೇ ಅವನ ಪಾದದ ಅಡಿಗೆ ಕಚಗುಳಿ ಇಟ್ಟು ಎಬ್ಬಿಸುತ್ತಿದ್ದಳು. ಹೆಂಡತಿ ಅಂಗಡಿಯಿಂದ ಒಂದು ದಪ್ಪ ಹಳೆಯ ಕೀಲಿಯನ್ನು ತಂದು ದಿಂಬಿನ ಪಕ್ಕ ಇಟ್ಟಿದ್ದಳು, ಅದನ್ನು ಅವನು ಯಾರೂ ನೋಡದಾಗ ಎತ್ತಿ ಎತ್ತಿ ಇಡುತ್ತಿದ್ದ.

ಅಷ್ಟರಲ್ಲಿ ಆಯಾ ಇಡೀ ಆಸ್ಪತ್ರೆಗೆ ಸುದ್ದಿ ಹಬ್ಬಿಸಿಯಾಗಿತ್ತು: ತುತ್ತಕ್ಕ ತರಬೇತಿಯಲ್ಲಿ ಎಚ್ಚರವಾಗಿದ್ದಳಂತೆ! ರಾತ್ರಿ ಪಾಳಿಯ ಬ್ರದರು ಬಂದು, ಬೆರಳಿಗೆ ಪಟ್ಟಿ ಸುತ್ತುವಾಗ ತುದಿಯನ್ನು ಎಲ್ಲಿ ಮುಚ್ಚುವುದೆಂದು ಕೇಳಿಕೊಂಡು ಹೋದ. ಆ ತುದಿ ಕಾಣದ ಹಾಗೆ ಮಾಡುವ ವಿದ್ಯೆ ತುತ್ತಕ್ಕನ ಕೈಬಿಟ್ಟಿರಲಿಲ್ಲ. ಈಗ ಅದು ಎರಡರ ಬದಲು ಹತ್ತು ಕಡೆ ಬೇಕಾಗುತ್ತಿತ್ತು, ಅಷ್ಟೇ.

ಒಂದು ಮಧ್ಯಾಹ್ನ ಹೊಸದಾಗಿ ಬಂದವರೊಬ್ಬರ ಡ್ರೆಸ್ಸಿಂಗು ಹಿಡಿದು ತುತ್ತಕ್ಕನಿಗೆ ತಡವಾಯಿತು. ಊಟದ ಗಾಡಿ ಆಗಲೇ ಹೋಗಿತ್ತು. ಬೀಗದವನು ಕಾಯುತ್ತಿರುತ್ತಾನೆ, ತಟ್ಟೆ ಆರಿಹೋಗಿರುತ್ತದೆ ಎಂದು ಕೈ ತೊಳೆದು, ಹೊಸ ಮಾಸ್ಕು ಕಟ್ಟಿಕೊಂಡು, ಕಾರಿಡಾರಿನಲ್ಲಿ ಓಡುನಡಿಗೆಯಲ್ಲಿ ಬಂದಳು. ಬಾಗಿಲಿಗೆ ಕೈ ಹಾಕುವ ಮೊದಲು ಅದರ ಗಾಜಿನಿಂದ ಒಳಗೆ ನೋಡಿದಳು. ಹಾಗೇ ನಿಂತಳು.

ಅವನು ಕಾದಿರಲಿಲ್ಲ. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, ಮೇಜನ್ನು ತಾನೇ ಎಳೆದುಕೊಂಡು ಉಣ್ಣುತ್ತಿದ್ದ. ಬಾಗಿಲ ಕಡೆ ಅವನ ಗಮನವೇ ಇಲ್ಲ. ಪಕ್ಕದ ಸ್ಟೂಲು ಖಾಲಿ. ತುತ್ತಕ್ಕನಿಗೆ ಸಂತೋಷವಾಯಿತು, ಎದೆಯ ಮೂಲೆಯಲ್ಲಿ ಎಲ್ಲೋ ಒಂದು ಚೂರು ಚುರುಕ್ಕೆಂದಿತು, ಎರಡೂ ನಿಜವೇ. ಆಯಾ ಬಕೆಟ್ಟು ಹಿಡಿದು ಹಿಂದಿನಿಂದ ಬಂದವಳು, ಒಳಗೆ ಹೋಗುವುದಿಲ್ಲವೇ ಎಂದು ಕೇಳಿದಳು. ತುತ್ತಕ್ಕ ಬೇಡವೆಂದು ತಲೆಯಾಡಿಸಿದಳು.

ಒಳಗೆ ಅವನು ಚಮಚವನ್ನು ಅನ್ನದಲ್ಲಿ ಒತ್ತಿ ತುಂಬಿದ. ಬೆರಳುಗಳು ಹಿಡಿಯನ್ನು ಒಂದೊಂದಾಗಿ ಸುತ್ತಿಕೊಂಡವು. ಚಮಚ ಮೇಲೆದ್ದಿತು, ನಡುಗಿತು, ಎದೆಯ ಹತ್ತಿರ ಒಂದು ಗಳಿಗೆ ನಿಂತಿತು, ಮತ್ತೆ ಮೇಲಕ್ಕೆ ಹೊರಟಿತು. ಗಾಜಿನ ಈಚೆ ತುತ್ತಕ್ಕ ಉಸಿರು ಹಿಡಿದಳು. ಚಮಚ ಅವನ ತುಟಿಯ ಹತ್ತಿರ ಹತ್ತಿರ ಬಂದ ಹಾಗೆ ಆಕೆಯ ಮಾಸ್ಕು ಗಲ್ಲದ ಬಳಿ ಮೆಲ್ಲಗೆ ಜಗ್ಗಿತು, ಅವನು ಬಾಯಿ ಮುಚ್ಚಿಕೊಂಡಾಗ ಮತ್ತೆ ಸಡಿಲವಾಯಿತು.